ಕೆಮ್ಮಲಿಕ್ಕೆ ಬದಲಿ ಆಳು

ದುರಗಮ್ಮನನ್ನು ಕಣ್ಣಿನಿಂದ ಕಾಣುವ ಮೊದಲು ಕಿವಿಯಿಂದ ಕಾಣಬೇಕು. ಸುರಪುರದಿಂದ ಹುಣಸಗಿಗೆ ಹೋಗುವ ಬಸ್ಸು ಕಾಲುವೆಯ ಸೇತುವೆ ಏರುವ ಹೊತ್ತಿಗೆ ಗದ್ದೆಯ ಕಡೆಯಿಂದ ಒಂದು ಬೈಗುಳ ಎದ್ದು ಬಂದು ಕಿಟಕಿಯೊಳಗೆ ತೂರುತ್ತದೆ. ಹೊಸಬರು ಬೆಚ್ಚಿ ಹೊರಗೆ ಇಣುಕುತ್ತಾರೆ. ಹಳಬರು, ದುರಗಮ್ಮನ ಗುಂಪು ಇವತ್ತು ಇಲ್ಲಿ ನಾಟಿ ಹಚ್ಚಿದೆ ಎಂದುಕೊಂಡು ಸುಣ್ಣದ ಡಬ್ಬಿ ತೆಗೆಯುತ್ತಾರೆ.

“ಏ ಸುಂದ್ರೀ, ಸಸಿ ಹಚ್ಚಾಕತ್ತೀಯೋ ಹೆಣಾ ಹೂಳಾಕತ್ತೀಯೋ? ಮ್ಯಾಲಕ್ ಹಚ್ಚ!”

ಸಿಟ್ಟಿನಿಂದ ಬೈಯುವುದಲ್ಲ ಅದು. ಬಗ್ಗಿದ ಸೊಂಟ ಬಗ್ಗಿದಲ್ಲೇ ಮರಗಟ್ಟುವ ಕೆಲಸ ನಾಟಿ. ನಡುವೆ ಯಾರಾದರೂ ನಗಿಸದಿದ್ದರೆ, ಇಲ್ಲವೇ ಉರಿಸದಿದ್ದರೆ, ಸಾಲು ಮುಂದೆ ಸರಿಯುವುದಿಲ್ಲ. ದುರಗಮ್ಮ ಎರಡನ್ನೂ ಒಂದೇ ಮಾತಿನಲ್ಲಿ ಮಾಡುತ್ತಾಳೆ.

ಈ ಕಾಲುವೆ ತೋಡುವಾಗ ಅವಳು ಮಣ್ಣಿನ ಬುಟ್ಟಿ ಹೊತ್ತಿದ್ದಳು. ಆಗಿನ್ನೂ ಲಂಗ ಹಾಕುವ ಹುಡುಗಿ. ಮಣ್ಣು ಹೊತ್ತವರ ಹೆಸರನ್ನು ಯಾರೂ ಕಲ್ಲಿನ ಮೇಲೆ ಕೆತ್ತಿಸಲಿಲ್ಲ, ಕತ್ತರಿ ಹಿಡಿದು ರಿಬ್ಬನ್ ಕತ್ತರಿಸಿದವರ ಹೆಸರು ಮಾತ್ರ ಸೇತುವೆಯ ಕಲ್ಲಿನಲ್ಲಿದೆ. ದುರಗಮ್ಮನಿಗೆ ಅದರ ದುಃಖವೇನೂ ಇಲ್ಲ. ಓದಲು ಬಾರದವಳಿಗೆ ಕಲ್ಲಿನ ಮೇಲೆ ಯಾರ ಹೆಸರಿದ್ದರೇನು. ಆ ಕಲ್ಲಿನ ಮೇಲೆ ಕುಳಿತು ಅವಳು ಎಷ್ಟೋ ಸಲ ರೊಟ್ಟಿ ತಿಂದಿದ್ದಾಳೆ.

ನೀರು ಬಂತು. ಜೋಳ, ಸಜ್ಜೆ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು. ತೆಲುಗು ನಾಡಿನಿಂದ ಬಂದು ಕ್ಯಾಂಪ್ ಹಾಕಿಕೊಂಡವರು ನೆಲ್ಲು ಹಚ್ಚತೊಡಗಿದರು. ನಮ್ಮ ಹೆಂಗಸರಿಗೆ ಕೆಸರಿನಲ್ಲಿ ನಿಲ್ಲುವುದೇ ಬಾರದು, ಕಾಲಿಟ್ಟ ಕೂಡಲೇ ಮುಗ್ಗರಿಸಿ ಬೀಳುತ್ತಿದ್ದರು. ದುರಗಮ್ಮ ಒಂದು ಹಂಗಾಮು ಕ್ಯಾಂಪಿನ ಹೆಂಗಸರ ಜೊತೆ ನಿಂತು, ಅವರಿಂದ ಬೈಸಿಕೊಂಡು, ನಾಟಿಯನ್ನೂ ಬೈಗುಳವನ್ನೂ ಒಟ್ಟಿಗೆ ಕಲಿತು ಬಂದಳು. ಆಮೇಲೆ ತನ್ನ ಓಣಿಯ ಹೆಂಗಸರನ್ನು ಕೂಡಿಸಿ ಗುಂಪು ಕಟ್ಟಿದಳು.

ಆ ಗುಂಪಿಗೆ ಒಂದು ಕಟ್ಟಳೆ ಇದೆ. ಗದ್ದೆಯ ಮಾಲಕನ ಎದುರಿಗೆ ಒಂದೇ ಬಾಯಿ ಮಾತಾಡಬೇಕು. ಎಲ್ಲರೂ ಮಾತಾಡಿದರೆ ಮಾಲಕ ತನಗೆ ಬೇಕಾದ ಮಾತನ್ನು ಆರಿಸಿಕೊಳ್ಳುತ್ತಾನೆ. ಯಾವಾಗ ಇಳಿಯುವುದು, ಯಾವಾಗ ಏರುವುದು, ಸಸಿಯ ಕಟ್ಟು ಬದುವಿಗೆ ಯಾರು ತರುವುದು, ಚಹಾ ಎಷ್ಟು ಹೊತ್ತಿಗೆ, ಎಲ್ಲವನ್ನೂ ಆ ಬಾಯಿಯೇ ಮಾತಾಡಿ ಗಟ್ಟಿ ಮಾಡಬೇಕು. ಈ ಹಂಗಾಮಿಗೆ ಯಾರ ಬಾಯಿ ನಡೆಯಿತೋ ಮುಂದಿನ ಹಂಗಾಮಿಗೂ ಮಾಲಕ ಅವರ ಬಾಗಿಲಿಗೇ ಬರುತ್ತಾನೆ. ನೀರು ಬಂದಾಗಿನಿಂದ ಆ ಬಾಯಿ ದುರಗಮ್ಮನದು.

ಇನ್ನೊಂದು ಕಟ್ಟಳೆ ಬದಲಿ ಆಳಿನದು. ಒಬ್ಬಳಿಗೆ ಜ್ವರ ಬಂತು, ಅವಳ ತಂಗಿಯೋ ಸೊಸೆಯೋ ಅವಳ ಸಾಲಿನಲ್ಲಿ ನಿಲ್ಲುತ್ತಾಳೆ. ದುರಗಮ್ಮನ ತಂಗಿ ಶೇಖಮ್ಮ ಬಾಣಂತಿಯಾಗಿದ್ದಾಗ ದುರಗಮ್ಮ ಎರಡು ಸಾಲು ಹಚ್ಚಿದ್ದಳು. ಇದನ್ನು ಯಾರೂ ಮೋಸ ಎನ್ನುವುದಿಲ್ಲ. ಸಸಿಗೆ ಗೊತ್ತೇನು ಯಾರ ಕೈಯೆಂದು. ಉದ್ಯೋಗ ಖಾತ್ರಿ ಬಂದು, ಕಾಲುವೆಯ ಹೂಳೆತ್ತುವ ಕೆಲಸಕ್ಕೆ ಫೋನಿನಲ್ಲಿ ಹಾಜರಿ ಫೋಟೊ ತೆಗೆಯುವುದು ಶುರುವಾದ ಮೇಲೆಯೂ ಈ ರೂಢಿ ಹಾಗೇ ನಡೆಯಿತು. ಆಳುಗಳ ಹಾಜರಿ ಹಿಡಿದು ಫೋಟೊ ತೆಗೆಯುವ ಮೇಟ್ ದುರಗಮ್ಮನ ಗಂಡ ಯಂಕಣ್ಣನೇ. ಒಬ್ಬಳು ಕೂಸಿಗೆ ಹಾಲು ಕೊಡಲು ಹೋಗಿದ್ದರೆ ಇನ್ನೊಬ್ಬಳು ತಲೆಯ ಮೇಲೆ ಸೆರಗೆಳೆದುಕೊಂಡು ಅವಳ ಜಾಗದಲ್ಲಿ ನಿಲ್ಲುತ್ತಿದ್ದಳು. ಹೂಳು ಎತ್ತಿದ್ದು ಸುಳ್ಳಲ್ಲ, ತಲೆ ಅಷ್ಟೇ ಬೇರೆ.

ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ದುರಗಮ್ಮನ ಹೊಕ್ಕಳ ಬದಿಗೆ ನಿಂಬೆಕಾಯಿಯಷ್ಟು ದೊಡ್ಡ ಗಂಟೊಂದು ಎದ್ದಿತ್ತು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಅವಳು ಅದನ್ನು ಸೀರೆಯ ಗಂಟಿನ ಕೆಳಗೆ ಬಿಗಿದು ಕಟ್ಟಿ ವರ್ಷಗಟ್ಟಲೆ ನಡೆಸಿದಳು. ಬೇಸಿಗೆಯಲ್ಲಿ ಒಂದು ದಿನ ಅದು ಒಳಗೆ ಹೋಗದೆ ಮೊಂಡು ಹಿಡಿದು ಕುಳಿತಿತು. ಕಲಬುರಗಿಯ ದೊಡ್ಡ ದವಾಖಾನೆಗೆ ಒಯ್ದರು. ಕರುಳು ಹೊರಗೆ ಇಣುಕುತ್ತಿದೆ ಎಂದು ಹೊಟ್ಟೆ ಕೊಯ್ದು, ಒಳಗೆ ಜಾಳಿಗೆ ಇಟ್ಟು ಹೊಲಿದರು.

“ಹೊಟ್ಟ್ಯಾಗ ಮೀನಿನ ಬಲಿ ಇಟ್ಟಾರ,” ಎಂದು ದುರಗಮ್ಮ ಓಣಿಗೆಲ್ಲ ಹೇಳಿದಳು. “ಇನ್ನ ಕರುಳು ಎಲ್ಲಿಗೂ ಓಡಿ ಹೋಗಂಗಿಲ್ಲ.”

ಮನೆಗೆ ಕಳಿಸುವಾಗ ದವಾಖಾನೆಯವರು, ಮತ್ತೆ ಮತ್ತೆ ಅಷ್ಟು ದೂರ ಬರಬೇಡಿ, ಡಾಕ್ಟರು ಫೋನಿನಲ್ಲೇ ನೋಡುತ್ತಾರೆ, ವಿಡಿಯೊ ಹಚ್ಚಿದರೆ ಸಾಕು ಎಂದರು. ಯಂಕಣ್ಣನಿಗೆ ಹಿಗ್ಗು. ಫೋನೆಂದರೆ ಅವನ ಇಲಾಖೆ.

ಮೊದಲ ಸಲ ವಿಡಿಯೊ ಹಚ್ಚಿದ ದಿನ ಓಣಿಗೆ ಓಣಿಯೇ ಬಂತು. ನಮ್ಮಲ್ಲಿ ಕಾಯಿಲೆಯವರನ್ನು ಮಾತಾಡಿಸಲು ಬರುವುದು ರೂಢಿ. ಬರದಿದ್ದರೆ ವರ್ಷಗಟ್ಟಲೆ ಮುನಿಸು. ಡಾಕ್ಟರೇ ಬರುವಾಗ ತಾವು ಬರದಿದ್ದರೆ ಹೇಗೆ? ಆರೋಗ್ಯ ಕೇಂದ್ರದ ಸಿಸ್ಟರ್ ನಜೀಮಾ ಎಲ್ಲರನ್ನೂ ಹೊರಗೆ ಅಟ್ಟಲು ನೋಡಿ ಸೋತಳು. ಯಂಕಣ್ಣ ಫೋನನ್ನು ಎರಡೂ ಕೈಯಲ್ಲಿ ಊಟದ ಗಂಗಾಳದಂತೆ ಹಿಡಿದು ನಿಂತ.

“ನಮಸ್ಕಾರ ಅಜ್ಜಿ, ಹೇಗಿದ್ದೀರಿ?” ಎಂದ ಡಾಕ್ಟರು. ಮೈಸೂರು ಕಡೆಯ ಹುಡುಗ. ಆಪರೇಷನ್ ದಿನ ಅವನ ಮೂಗು ಬಾಯಿಗೆ ಮುಸುಕು, ಅವಳ ತಲೆಯಿಂದ ಕಾಲಿನವರೆಗೆ ಹಸಿರು ಬಟ್ಟೆ. ಅವಳ ಹೊಟ್ಟೆಯೊಂದು ಬಿಟ್ಟು ಬೇರೇನನ್ನೂ ಅವನು ಸರಿಯಾಗಿ ನೋಡಿರಲಿಲ್ಲ.

“ಅಜ್ಜಿ ಅಂತ ಯಾರಿಗಂತಿಯಪ್ಪಾ?” ಎಂದಳು ದುರಗಮ್ಮ. “ನಿಮ್ಮವ್ವನ ವಯಸ್ಸಿಲ್ಲೇನು ನಂದು?”

“ಸರಿ ಅಮ್ಮ. ಮುಖ ಕಾಣಿಸ್ತಿಲ್ಲ. ಯಾರೋ ಕಣ್ಣು ಮುಚ್ಚಿಕೊಂಡು ಕೂತಿರೋದು ಕಾಣ್ತಾ ಇದೆ.”

ಯಂಕಣ್ಣ ಫೋನನ್ನು ಗೋಡೆಯ ಬುದ್ಧನ ಪಟಕ್ಕೆ ಹಿಡಿದಿದ್ದ. ಡಾಕ್ಟರು ಅಷ್ಟು ಹೊತ್ತೂ ಆರಾಮ ಕೇಳಿದ್ದು ಬುದ್ಧನಿಗೆ. ತಿರುಗಿಸಿದ ಮೇಲೆ ದುರಗಮ್ಮನ ಗದ್ದ, ಮೂಗಿನ ಹೊಳ್ಳೆ, ಮೇಲಿನ ತಗಡು ಕಂಡವು. ಅಷ್ಟರಲ್ಲಿ ಸುಂದ್ರಮ್ಮ ನಡುವೆ ತಲೆ ಹಾಕಿ, “ಡಾಕ್ಟರ್ ಸಾಹೇಬ್ರ, ನಾಟಿ ಬರಾಕತ್ತದ್ರಿ. ಈಕಿ ಕೆಸರಿನ್ಯಾಗ ಇಳೀಬೇಕೋ ಬ್ಯಾಡೋ, ಅದೊಂದು ಹೇಳ್ರಿ,” ಎಂದಳು.

ಸುಂದ್ರಮ್ಮ ಗುಂಪಿನಲ್ಲಿ ದುರಗಮ್ಮನ ಪಕ್ಕದ ಸಾಲಿನವಳು. ಬಹಳ ವರ್ಷಗಳಿಂದ ಬೈಸಿಕೊಂಡವಳು, ತಾನೂ ಬೈಯಬೇಕೆಂದು ಕಾದವಳು.

“ಈಗ ಬೇಡವೇ ಬೇಡ,” ಎಂದ ಡಾಕ್ಟರು. “ಮುಂದಿನ ಸಲ ನೋಡ್ತೀನಿ. ಕೆಮ್ಮಿದರೆ ನೋಯಬಾರದು, ಕೂತು ಏಳೋದಕ್ಕೆ ಬರಬೇಕು. ಆಗ ಹೇಳ್ತೀನಿ.”

ಸುಂದ್ರಮ್ಮನಿಗೆ ಅಷ್ಟು ಸಾಕಾಯಿತು. ಅಂದು ಸಂಜೆ ಕಟ್ಟೆಯ ಮೇಲೆ ಗುಂಪು ಕೂಡಿದಾಗ ಅವಳೇ ಮಾತು ತೆಗೆದಳು. “ನಾಳಿ ಕೆಸರಿನ್ಯಾಗ ಬಿದ್ದು ಹೊಟ್ಟಿ ಬಿಚ್ಚಿದ್ರ ಯಾರ ಕೊರಳಿಗಿ ಬರ್ತದ? ಡಾಕ್ಟರ್ ಹೂಂ ಅಂದ್ರ ಆಕಿ ಬರ್ಲಿ. ಇಲ್ಲಾಂದ್ರ ಈ ಹಂಗಾಮು ಮಾಲಕನ ಕೂಡ ನಾ ಮಾತಾಡ್ತೀನಿ.”

ಮಾತು ದುರಗಮ್ಮನ ಮೇಲಿನ ಕಾಳಜಿಯಂತೆಯೇ ಇತ್ತು. ಎಲ್ಲರೂ ತಲೆಯಾಡಿಸಿದರು. ಕಾಳಜಿಯನ್ನು ಹೇಗೆ ಬೈಯುವುದೆಂದು ಹೊಳೆಯದೆ ದುರಗಮ್ಮ ಮೊದಲ ಸಲ ಬಾಯಿ ಮುಚ್ಚಿಕೊಂಡು ಮನೆಗೆ ಹೋದಳು.

ಗಾಯ ಒಣಗಿತು. ನಜೀಮಾ ಅದರ ಫೋಟೊ ತೆಗೆದು ದವಾಖಾನೆಗೆ ಕಳಿಸಿ, ಬರೋಬರಿ ಅದ ಎಂದಳು. ದುರಗಮ್ಮ ಹಿಗ್ಗಿದಳು. ಆದರೆ ಮರುದಿನ ಯಂಕಣ್ಣ ಒಲೆಯ ಮೇಲೆ ಮೆಣಸಿನಕಾಯಿ ಹುರಿದ. ಘಾಟು ಎದ್ದಿತು. ದುರಗಮ್ಮನಿಗೆ ಕೆಮ್ಮು ಬಂತು, ಬಂದ ಕೆಮ್ಮು ಅರ್ಧಕ್ಕೇ ನಿಂತಿತು. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಹಗಲಿನಲ್ಲಿ ಚಿಕ್ಕೆ ಕಂಡವು.

“ನಾಳಿ ಡಾಕ್ಟರ್ ಕೆಮ್ಮು ಅಂತಾನ,” ಎಂದಳು ಉಸಿರು ತಿರುಗಿದ ಮೇಲೆ. “ಹಿಂಗ ಕೆಮ್ಮಿದ್ರ ನನ್ನ ಗುಂಪು ಸುಂದ್ರಿ ಪಾಲು.”

ಯಂಕಣ್ಣ ಬಾಣಲೆ ಇಳಿಸಿದ. ಮೇಟ್‌ನ ತಲೆ ಓಡಿತು. “ಅದಕ್ಕ ಯಾಕ ಇಷ್ಟು ಚಿಂತಿ? ಬದ್ಲಿ ಆಳು ಕುಂದ್ರಸಿದ್ರಾತು.”

“ಯಾರಿಗೆ?”

“ಶೇಖವ್ವಗ. ಮಾರಿ ನಿಂದs ಐತಿ. ಆಕಿ ಹೊಟ್ಟಿ ಯಾರೂ ಕೊಯ್ದಿಲ್ಲ. ಎಷ್ಟು ಬೇಕಾದ್ರೂ ಕೆಮ್ಮತಾಳ.”

ದುರಗಮ್ಮ ಯೋಚಿಸಿದಳು. ತಪ್ಪೇನೂ ಕಾಣಲಿಲ್ಲ. ನಾಟಿಗೆ ಬದಲಿ ಆಳು ಉಂಟು, ಹೂಳೆತ್ತಲು ಉಂಟು, ಹಾಜರಿ ಫೋಟೊಗೂ ಉಂಟು. ಕೆಮ್ಮಲಿಕ್ಕೆ ಯಾಕಿರಬಾರದು? ನೀರು ಬಿಟ್ಟು ನಾಟಿ ಶುರುವಾಗುವಷ್ಟರಲ್ಲಿ ತನ್ನ ಕೆಮ್ಮೂ ಸರಿಯಾಗುತ್ತದೆ. ಈಗ ತಂಗಿಯದನ್ನು ಕಡ ತಂದು ಆಮೇಲೆ ತೀರಿಸಿದರಾಯಿತು.

ಶೇಖಮ್ಮ ರಂಗಂಪೇಟೆಯಲ್ಲಿ ಇರುತ್ತಾಳೆ. ಯಾವ ಕೆಲಸಕ್ಕೂ ಯಾಕೆ ಎಂದು ಕೇಳದವಳು. ಅಕ್ಕ ಕರೆದಳೆಂದು ಮೊದಲ ಬಸ್ಸಿಗೆ ಬಂದಳು. ಬಸ್ಸು ಇಳಿದು ಮನೆಯವರೆಗೆ ನಡೆದು ಬರುವಷ್ಟರಲ್ಲಿ ಅವಳಿಗೆ ಉಬ್ಬಸ. ದುರಗಮ್ಮ ಅದನ್ನು ನೋಡಿದಳು, ತಂಗಿ ಯಾವಾಗಲೂ ಹಾಗೇ ಎಂದು ಬಿಟ್ಟಳು.

ನಜೀಮಾ ಅಂದು ಹುಣಸಗಿಗೆ ಮೀಟಿಂಗಿಗೆ ಹೋಗಿದ್ದಳು. ಅದೂ ಒಳ್ಳೆಯದೇ ಆಯಿತು. ಹೆಣ್ಣುಮಗಳ ಹೊಟ್ಟೆ ನೋಡುವುದಿದೆ, ಯಾರೂ ಒಳಗೆ ಬರಬಾರದೆಂದು ಡಾಕ್ಟರ ಹುಕುಂ ಆಗಿದೆ ಎಂದು ಯಂಕಣ್ಣ ಬಾಗಿಲು ಮುಚ್ಚಿದ. ಸುಂದ್ರಮ್ಮ ಹೊರಗಿನ ಕಟ್ಟೆಯ ಮೇಲೆ ಕುಳಿತಳು. “ನೋಡಂಗಿಲ್ಲ ಬಿಡು. ಕೇಳಾಕ ಹುಕುಂ ಬೇಕಿಲ್ಲಲ್ಲ,” ಎಂದಳು. ಅವಳ ಜೊತೆ ಗುಂಪಿನ ಅರ್ಧ ಹೆಂಗಸರು.

ಒಳಗೆ ದುರಗಮ್ಮನ ಹಸಿರು ಸೀರೆ ಉಟ್ಟು, ಸೆರಗು ಹಣೆಯವರೆಗೆ ಎಳೆದು ಶೇಖಮ್ಮ ಹೊರಸಿನ ಮೇಲೆ ಕುಳಿತಳು. ಬಚ್ಚಲಿಗೆ ಕಟ್ಟಿದ ಪರದೆಯ ಹಿಂದೆ ದುರಗಮ್ಮ. ಯಂಕಣ್ಣ ಈ ಸಲ ಫೋನು ಸರಿಯಾಗಿ ಹಿಡಿದ.

“ದುರಗಮ್ಮ ಅವರಾ?” ಎಂದ ಡಾಕ್ಟರು.

ಶೇಖಮ್ಮ ಪರದೆಯ ಕಡೆ ನೋಡಿದಳು.

“ಹೌದ್ರಿ ಸಾಹೇಬ್ರ, ಇವ್ರೇ,” ಎಂದ ಯಂಕಣ್ಣ.

“ನೀವಲ್ಲ, ಅವರು ಹೇಳಲಿ.”

“ಹೂಂರಿ,” ಎಂದಳು ಶೇಖಮ್ಮ. “ನಾನೇ ನಮ್ಮಕ್ಕ.”

ಪರದೆಯ ಹಿಂದೆ ದುರಗಮ್ಮ ಹಲ್ಲು ಕಚ್ಚಿದಳು. “ಗಾಬ್ರಿ ಆಗ್ಯಾಳ್ರಿ,” ಎಂದು ಯಂಕಣ್ಣ ತೇಪೆ ಹಾಕಿದ.

“ಗಾಬರಿ ಬೇಡ ಅಮ್ಮ. ಫೋಟೊ ನೋಡಿದೆ, ಗಾಯ ಚೆನ್ನಾಗಿ ಒಣಗಿದೆ. ಈಗ ಜೋರಾಗಿ ಒಂದು ಸಲ ಕೆಮ್ಮಿ.”

ಶೇಖಮ್ಮ ಕೆಮ್ಮಿದಳು. ಸಾಧಾರಣ ಕೆಮ್ಮಲ್ಲ, ಕರೆಸಿಕೊಂಡ ಅಕ್ಕನ ಮಾನ ಉಳಿಸುವ ಕೆಮ್ಮು. ಮಾಡಿನ ಗುಬ್ಬಿ ಹಾರಿಹೋಯಿತು. ಹೊರಗೆ ಸುಂದ್ರಮ್ಮನ ಮುಖ ಸಪ್ಪಗಾಯಿತು.

“ಭೇಷ್! ನೋವಾಯ್ತಾ?”

“ಇಲ್ರೀಯಪ್ಪಾ. ಇನ್ನೊಂದು ಕೆಮ್ಮಲೇನು?”

“ಬೇಡ, ಸಾಕು. ಈಗ ಕೆಳಗೆ ಕೂತು ಎದ್ದು ನಿಂತ್ಕೊಳ್ಳಿ.”

ಶೇಖಮ್ಮ ಕುಳಿತಳು, ಎದ್ದಳು. ಪರದೆಯ ಹಿಂದೆ ದುರಗಮ್ಮ ಮನಸ್ಸಿನಲ್ಲೇ ಗದ್ದೆಗೆ ಇಳಿದು, ಸುಂದ್ರಮ್ಮನಿಗೆ ಮೊದಲ ಬೈಗುಳ ಯಾವುದಿರಬೇಕೆಂದು ಆರಿಸತೊಡಗಿದಳು.

“ಒಳ್ಳೇದು. ಹಾಗಾದ್ರೆ ನೀವು ನಿಧಾನಕ್ಕೆ...” ಎಂದು ಡಾಕ್ಟರು ನಿಲ್ಲಿಸಿದ. “ಅಮ್ಮ, ಯಾಕೆ ಇಷ್ಟು ಏದುಸಿರು ಬಿಡ್ತಿದ್ದೀರಿ? ಕೂತು ಎದ್ದಿದ್ದು ಒಂದೇ ಸಲ.”

“ಏನಿಲ್ರಿ, ನಂದು ಯಾವಾಗ್ಲೂ ಹಿಂಗs.”

“ಯಾವಾಗ್ಲೂ ಅಂದ್ರೆ?”

ಪರದೆಯ ಹಿಂದಿನಿಂದ “ಬಾಯಿ ಮುಚ್ಚ್” ಎಂಬ ಪಿಸುಮಾತು ಬಂತು. ಆದರೆ ಶೇಖಮ್ಮನಿಗೆ ಇಷ್ಟು ವರ್ಷದಲ್ಲಿ ಯಾಕೆ ಉಸಿರು ಏರುತ್ತದೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದವನೊಬ್ಬ ಸಿಕ್ಕ. ಅವಳು ಹೊರಸಿನ ಮೇಲೆ ಕಾಲು ಮಡಚಿ ಕುಳಿತು ಶುರು ಮಾಡಿದಳು.

“ನೀರಿನ ಕೊಡ ಹೊತ್ರ ಕಣ್ಣಿಗಿ ಕತ್ಲಿ ಬರ್ತದ್ರಿ. ಎದಿ ಢವಢವ ಅಂತದ. ಮತ್ತ, ನಾಚ್ಕಿ ಮಾತು, ಗ್ವಾಡಿ ಮಣ್ಣು ತಿನ್ನಬೇಕು ಅನಸ್ತದ್ರಿ. ಮಳಿ ಬಿದ್ದಾಗ ವಾಸ್ನಿ ಬಂತಂದ್ರ ತಡಿಯಾಕs ಆಗಂಗಿಲ್ಲ. ಹಿತ್ಲ ಗ್ವಾಡಿ ಒಂದು ಕಡಿ ಕಮ್ಮಿ ಆಗ್ಯಾದ.”

ಡಾಕ್ಟರು ಮುಂದಕ್ಕೆ ಬಗ್ಗಿದ. “ಫೋನ್ ಹತ್ರ ಬನ್ನಿ. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ತೋರಿಸಿ.”

ರೆಪ್ಪೆಯ ಒಳಗೆ ಕೆಂಪೇ ಇರಲಿಲ್ಲ, ಸುಣ್ಣ ಬಳಿದ ಹಾಗಿತ್ತು.

“ಕಾಲಿನ ಮೂಳೆ ಮೇಲೆ ಹೆಬ್ಬೆರಳಿಂದ ಒತ್ತಿ ಹಿಡೀರಿ.”

ಯಂಕಣ್ಣ ಒತ್ತಿದ. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು, ಹಸಿ ಗೋಡೆಗೆ ಒತ್ತಿದಂತೆ.

ಡಾಕ್ಟರ ದನಿ ಬದಲಾಯಿತು. “ಆಪರೇಷನ್ ಮಾಡುವಾಗ ನಿಮ್ಮ ರಕ್ತ ಚೆನ್ನಾಗಿತ್ತು. ನಾನೇ ನೋಡಿದ್ದೀನಿ. ಇಷ್ಟರಲ್ಲಿ ಎಲ್ಲಿ ಹೋಯ್ತು? ಒಳಗೆ ಎಲ್ಲೋ ಸೋರ್ತಾ ಇದೆ. ಇವತ್ತೇ ಹೊರಡಬೇಕು, ಆಂಬುಲೆನ್ಸ್ ಕಳಿಸ್ತೀನಿ. ಹೊಟ್ಟೆ ಮತ್ತೆ ಕೊಯ್ದು ನೋಡಬೇಕಾಗಬಹುದು. ಗದ್ದೆ, ನಾಟಿ ಎಲ್ಲ ಮರೆತುಬಿಡಿ.”

ಶೇಖಮ್ಮ ಹೊರಸಿನಿಂದ ಜಿಗಿದು ನಿಂತಳು.

“ಯಾರ ಹೊಟ್ಟಿ? ನಂದಾ? ಬ್ಯಾಡ್ರಿ ಸಾಹೇಬ್ರ, ನಿಮ್ಮ ಕಾಲಿಗಿ ಬೀಳ್ತೀನಿ! ಹೊಟ್ಟಿ ಆಕಿದು, ಕೆಮ್ಮು ಅಷ್ಟs ನಂದು!”

ಪರದೆ ಹರಿಯುವುದೊಂದು ಬಾಕಿ, ದುರಗಮ್ಮ ಹೊರಗೆ ಬಂದಳು. “ಏ ಡಾಕ್ಟರಾ, ಒಂದು ಸಲ ಕೊಯ್ದದ್ದು ಸಾಕಾಗಿಲ್ಲೇನು ನಿನಗ? ನನ್ನ ಒಳಗ ಏನೂ ಸೋರಾಕತ್ತಿಲ್ಲ! ಇಕಾ ನೋಡು!” ಎಂದು ತನ್ನ ಕಣ್ಣಿನ ರೆಪ್ಪೆಯನ್ನು ಎಳೆದು ಫೋನಿಗೆ ಹಿಡಿದಳು. ಕೆಂಪಗೆ, ದಾಸವಾಳದ ಹಾಗಿತ್ತು. ಆಮೇಲೆ ತಂಗಿಯ ಕಾಲನ್ನು ನೋಡಿದಳು. ಕುಳಿ ಇನ್ನೂ ತುಂಬಿರಲಿಲ್ಲ. ಅವಳ ದನಿ ಒಂದು ಮೆಟ್ಟಿಲು ಇಳಿಯಿತು. “ಈಕಿದು ಮಾತ್ರ ಖರೇನs ಹಂಗ ಅದ ಏನು?”

ಡಾಕ್ಟರು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ಒಂದೇ ಮುಖದ ಇಬ್ಬರು ಹೆಂಗಸರು, ನಡುವೆ ಒಂದು ಗಂಡಸಿನ ಹೆಬ್ಬೆರಳು.

“ನಿಮ್ಮಲ್ಲಿ ಹೊಟ್ಟೆ ಯಾರದು?”

“ನಂದ್ರಿ,” ಎಂದಳು ದುರಗಮ್ಮ.

“ಬಂದು ಕೂತ್ಕೊಳ್ಳಿ. ಕೆಮ್ಮಿ.”

ದುರಗಮ್ಮ ಕೆಮ್ಮಲು ನೋಡಿದಳು. ಅರ್ಧ ಕೆಮ್ಮಿ ಕೈ ಹೊಟ್ಟೆಗೆ ಹೋಯಿತು. ಬೈಯಲು ಬಾಯಿ ತೆರೆದಳು, ಅದಕ್ಕೂ ಹೊಟ್ಟೆ ಬೇಕಾಗುತ್ತದೆ.

“ಈ ಹಂಗಾಮು ನಾಟಿ ಇಲ್ಲ,” ಎಂದ ಡಾಕ್ಟರು. “ಕೆಸರಿಗೆ ಇಳೀಬಾರದು, ಕಟ್ಟು ಎತ್ತಬಾರದು, ಬಗ್ಗಬಾರದು. ಇನ್ನು ನಿಮ್ಮ ತಂಗಿ. ಅವರ ಮೈಯಲ್ಲಿ ರಕ್ತವೇ ಇಲ್ಲ. ಇವತ್ತೇ ಶಹಾಪುರದ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಾಳೆ ಅಂದ್ರೆ ನಾನು ಸುಮ್ಮನಿರಲ್ಲ. ಮತ್ತೆ ನೀವು, ಫೋನ್ ಹಿಡಿದಿರೋರು...”

“ನಾ ಮೇಟ್ ಇದೀನ್ರಿ,” ಎಂದ ಯಂಕಣ್ಣ.

“ಮುಂದಿನ ಸಲ ಪರದೆ ಬಿಚ್ಚಿಟ್ಟು ಕರೆ ಮಾಡಿ.”

ಹೊರಗೆ ಕಟ್ಟೆಯ ಮೇಲೆ ನಗು ಒಡೆಯಿತು. ಕೊಯ್ಲಿನವರೆಗೂ ಆ ಓಣಿಯಲ್ಲಿ ಯಾರು ಕೆಮ್ಮಿದರೂ ‘ನಿಂದಾ, ಕಡಾ ತಂದಿದ್ದಾ?’ ಎಂದು ಕೇಳುವುದು ನಡೆಯಿತು. ಸುಂದ್ರಮ್ಮ ಮಾತ್ರ ನಗಲಿಲ್ಲ. ಎದ್ದು ಸೀರೆ ಕೊಡವಿಕೊಂಡು, “ಡಾಕ್ಟರ್ ಹೇಳಿದ್ದು ಎಲ್ಲಾರೂ ಕೇಳೀರಿ,” ಎಂದು ಹೋದಳು.

ಶೇಖಮ್ಮನನ್ನು ಅಂದೇ ಶಹಾಪುರಕ್ಕೆ ಒಯ್ದರು. ಇಷ್ಟು ಕಡಿಮೆ ರಕ್ತದಲ್ಲಿ ಈಕೆ ಬಸ್ಸು ಹತ್ತಿದ್ದು ಹೇಗೆ ಎಂದು ಅಲ್ಲಿಯವರು ಕೇಳಿದರಂತೆ. “ನಮ್ಮಕ್ಕ ಕರದಿದ್ಲು,” ಎಂದಳಂತೆ. ರಕ್ತದ ಬಾಟಲಿ ಏರಿಸಿದರು, ಗುಳಿಗೆ ಕೊಟ್ಟರು, ಗೋಡೆ ತಿನ್ನಬೇಡ ಎಂದು ತಾಕೀತು ಮಾಡಿದರು. ಅವಳನ್ನು ರಂಗಂಪೇಟೆಗೆ ಕಳಿಸದೆ ದುರಗಮ್ಮ ತನ್ನ ಮನೆಯಲ್ಲೇ ಎರಡನೆಯ ಹೊರಸು ಹಾಕಿ ಮಲಗಿಸಿದಳು. ಬಾಯಿ ತುಂಬ ಬೈದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದು ಬೈದಳು, ಡಾಕ್ಟರಿಗೆ ಯಾಕೆ ಹೇಳಿದೆಯೆಂದೂ ಬೈದಳು.

ಕಾಲುವೆಗೆ ನೀರು ಬಿಟ್ಟರು. ಗುಂಪು ಸುಂದ್ರಮ್ಮನ ಹಿಂದೆ ಗದ್ದೆಗೆ ಇಳಿಯಿತು. ದುರಗಮ್ಮ ಹೊರಸಿನ ಮೇಲೆ ಕುಳಿತು ಕಿವಿ ಕೊಟ್ಟಳು. ಗದ್ದೆಯ ಕಡೆಯಿಂದ ಒಂದು ಸದ್ದಿಲ್ಲ. ಬಸ್ಸು ಸೇತುವೆ ಏರಿ ಇಳಿಯಿತು. ಗುಂಪು ಸತ್ತಿದೆ ಎಂದುಕೊಂಡಳು.

ನಾಟಿ ಭಾಗಣ್ಣನ ಗದ್ದೆಗೆ ಬಂದ ದಿನ ಯಂಕಣ್ಣ ಸುದ್ದಿ ತಂದ. ಭಾಗಣ್ಣ ಸುತ್ತಲಿನ ಊರುಗಳಲ್ಲಿ ದೊಡ್ಡ ಹಿಡುವಳಿಯವನು, ಮಾತಿನಲ್ಲಿ ಬೆಲ್ಲ ಸವರುವವನು. ಸುಂದ್ರಮ್ಮನನ್ನು ‘ತಂಗೆವ್ವ’ ಎಂದು ಕರೆದು, ಸಸಿ ಕೀಳುವುದನ್ನೂ ಕಟ್ಟು ಹೊತ್ತು ತರುವುದನ್ನೂ ಹೆಂಗಸರ ಮೇಲೇ ಹಾಕಿದ್ದ. ಮಾಲಕನ ಆಳುಗಳು ಕಟ್ಟನ್ನು ಬದುವಿಗೆ ತಂದು ಹಾಕುವುದು ಮೊದಲಿನಿಂದ ಬಂದ ಕಟ್ಟಳೆ. ತಂಗೆವ್ವ ಎನಿಸಿಕೊಂಡ ಸುಂದ್ರಮ್ಮನ ಬಾಯಿಂದ ಹೂಂ ಎಂಬುದು ಜಾರಿತ್ತು. ಈಗ ಹೆಂಗಸರು ಕಟ್ಟು ಹೊತ್ತು ಸುಸ್ತಾಗಿ, ಮಾಲಕನನ್ನು ಬಿಟ್ಟು ಸುಂದ್ರಮ್ಮನನ್ನೇ ಉಗಿಯುತ್ತಿದ್ದರು.

ದುರಗಮ್ಮ ಹೊರಸಿನಿಂದ ಕಾಲು ಇಳಿಸಿದಳು. ಶೇಖಮ್ಮ ಅವಳ ಸೆರಗು ಹಿಡಿದಳು. “ಯಕ್ಕಾ, ಹೊಟ್ಟಿ ಬಿಚ್ಚಿದ್ರ ನಾ ಬದ್ಲಿ ಕುಂದ್ರಂಗಿಲ್ಲ ನೋಡು.”

ದುರಗಮ್ಮ ನಿಂತಳು. ಶೇಖಮ್ಮನಿಗೆ ಚುಚ್ಚುಮದ್ದು ಕೊಡಲು ಬಂದ ನಜೀಮಾ ಬಾಗಿಲಲ್ಲಿದ್ದಳು, ಕೈಯಲ್ಲಿ ಫೋನು. ದುರಗಮ್ಮ ಆ ಫೋನನ್ನು ನೋಡಿದಳು, ಗಂಡನ ಕೈಯ ಫೋನನ್ನು ನೋಡಿದಳು.

“ಆ ಡಾಕ್ಟರ್ ಕಲಬುರಗ್ಯಾಗ ಕುಂತು ನನಗ ಬಗ್ಗಬ್ಯಾಡ ಅಂತಾನ, ಬಗ್ಗಾಕ ಆಗವಲ್ದು. ನಾ ಇಲ್ಲಿ ಕುಂತು ಭಾಗಣ್ಣಗ ಬಗ್ಗು ಅಂದ್ರ ಯಾಕ ನಡಿಯಂಗಿಲ್ಲ? ನಜೀಮಾ, ಹಚ್ಚು ವಿಡಿಯೊ. ಏ, ನೀ ನಡಿ ಗದ್ದಿಗಿ, ಓಡು!”

ಯಂಕಣ್ಣ ಓಡಿದ. ಬದುವಿನ ಮೇಲೆ ನಿಂತು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದ. ಫೋನಿನಲ್ಲಿ ಗದ್ದೆ ಕಂಡ ಕೂಡಲೇ ದುರಗಮ್ಮನ ದನಿ ಹೊರಟಿತು. ಹೊಟ್ಟೆಯಿಂದ ಬೈಯಲು ಆಗದೆ ಗಂಟಲಿನಿಂದಲೇ ಬೈದಳು. ಅದು ಇನ್ನೂ ಹರಿತವಾಗಿತ್ತು.

“ಯಾರದು ಸಾಲು ಹಾವು ಹರದಂಗ ಹರದದ್ದು? ಏಳ್ರಿ ಎಲ್ಲಾರೂ, ಕಟ್ಟು ಕೆಳಗ ಹಾಕ್ರಿ! ಬದುವಿನ ಮ್ಯಾಲ ಕುಂದರ್ರಿ!”

ಹೆಂಗಸರು ಸೊಂಟ ಎತ್ತಿದರು. ದನಿ ಎಲ್ಲಿಂದ ಬಂತೆಂದು ಸುತ್ತ ನೋಡಿದರು. ಯಂಕಣ್ಣನ ತಲೆಯ ಮೇಲೆ ಅಂಗೈಯಷ್ಟು ದುರಗಮ್ಮ ಕಂಡಳು. ಅವಳನ್ನು ಎಲ್ಲರಿಗೂ ಕಾಣಿಸಲೆಂದು ತಿರುಗಿದ ಯಂಕಣ್ಣನ ಕಾಲು ಜಾರಿತು. ಅವನು ಒಂದು ಕಡೆ ಬಿದ್ದ, ಫೋನು ಒಂದು ಕಡೆ ಕೆಸರಿಗೆ ಬಿತ್ತು. ಕೆಸರಿನೊಳಗಿಂದ ಬೈಗುಳ ಗುಳುಗುಳು ಎಂದು ಬರುತ್ತಲೇ ಇತ್ತು.

ಫೋನಿಗೆ ಹತ್ತಿರ ಇದ್ದವಳು ಸುಂದ್ರಮ್ಮ. ಅದನ್ನು ತುಳಿದು ಹೂತರೆ ಯಾರೂ ಕೇಳುತ್ತಿರಲಿಲ್ಲ, ಜಾರಿ ಹೋಯಿತು ಎಂದರೆ ಮುಗಿಯಿತು. ಹಿಂದಿನಿಂದ ಹೆಂಗಸರು ಇನ್ನೂ ತನ್ನನ್ನೇ ಉಗಿಯುವುದು ಕೇಳಿಸಿತು. ಅವಳು ಬಗ್ಗಿ, ಸಸಿ ಕಿತ್ತಂತೆ ಫೋನನ್ನು ಕಿತ್ತು, ಸೆರಗಿಗೆ ಒರೆಸಿದಳು.

“ಬೈದಿದ್ದು ಸಾಕು, ಮುದುಕಿ,” ಎಂದಳು ಫೋನಿಗೆ. “ಮಾಲಕ ಬರಾಕತ್ತಾನ. ಇವನ ಕೂಡ ನನ್ನಿಂದಾಗಂಗಿಲ್ಲ. ನೀನs ಮಾತಾಡು.”

ಭಾಗಣ್ಣ ಬದುವಿನ ಮೇಲೆ ಸಾಲಾಗಿ ಕುಳಿತ ಹೆಂಗಸರನ್ನು ನೋಡಿ ಧೋತರ ಎತ್ತಿಕೊಂಡು ಬಂದ. “ಏನ್ ತಂಗೆವ್ವ, ಮಾತಾಡಿದ್ದು ಮರತಿಯೇನು?”

ಸುಂದ್ರಮ್ಮ ಕೆಸರು ಸುರಿಯುವ ಫೋನನ್ನು ಅವನ ಮೂಗಿಗೆ ಹಿಡಿದಳು. “ನನಗ ಏನೂ ಕೇಳಬ್ಯಾಡ್ರಿ. ಇದರ ಕೂಡ ಮಾತಾಡ್ರಿ.”

“ಫೋನಿನ್ಯಾಗ ಇದ್ದೋರ ಮಾತು ನಾ ಕೇಳಂಗಿಲ್ಲ. ಮಾತಾಡೋದಿದ್ರ ಎದುರಿಗಿ ಬರ್ಲಿ.”

“ಯಾಕ್ರಿ ಗೌಡ್ರ,” ಎಂದಿತು ಫೋನು, “ಗೊಬ್ಬರದ ಅಂಗಡ್ಯಾಂವ ಫೋನಿನ್ಯಾಗ ಹೇಳಿದ್ರ ನಡೀತದ, ಡಾಕ್ಟರ್ ಹೇಳಿದ್ರ ನಡೀತದ, ದುರಗಮ್ಮ ಹೇಳಿದ್ರ ಮಾತ್ರ ಗಾಳಿ ಏನ್ರಿ? ಕಟ್ಟು ಬದುವಿಗಿ ನಿಮ್ಮ ಆಳು ತರಬೇಕು. ತರೂತನಕ ನಮ್ಮ ಹೆಂಗಸ್ರು ಕುಂತಿರ್ತಾರ. ನನಗೇನು ಅವಸರಿಲ್ಲ. ಡಾಕ್ಟರ್ ಕೊಯ್ಲಿನ ತನಕಾ ಕುಂದ್ರು ಅಂದಾನ.”

ಭಾಗಣ್ಣ ಗದ್ದೆಯನ್ನು ನೋಡಿದ. ನೀರು ನಿಂತಿದೆ, ಕಿತ್ತ ಸಸಿ ಬಿಸಿಲಿಗೆ ಬಾಡುತ್ತಿದೆ, ಹೆಂಗಸರು ಎಲೆ ಅಡಿಕೆ ಹಂಚಿಕೊಳ್ಳುತ್ತಿದ್ದಾರೆ. ಫೋನಿನೊಳಗಿನ ಮುಖ ಕಣ್ಣು ಪಿಳುಕಿಸಲಿಲ್ಲ. ಎದುರಿಗೆ ಇದ್ದಿದ್ದರೆ ಬೆಲ್ಲ ಸವರಬಹುದಿತ್ತು. ಗಾಜಿಗೆ ಬೆಲ್ಲ ಹೇಗೆ ಸವರುವುದು? ಅವನು ತಿರುಗಿ ತನ್ನ ಆಳುಗಳನ್ನು ಕೂಗಿದ.

ಕಟ್ಟುಗಳು ಬದುವಿಗೆ ಬಂದವು. ಹೆಂಗಸರು ಇಳಿದರು. ಮುಂದಿನ ಗದ್ದೆಗೆ ಯಾವಾಗ ಬರುತ್ತೀರಿ ಎಂದು ಭಾಗಣ್ಣ ಸುಂದ್ರಮ್ಮನನ್ನು ಕೇಳಲಿಲ್ಲ, ಫೋನನ್ನೇ ಕೇಳಿದ. ಸುಂದ್ರಮ್ಮ ಅದನ್ನು ಕೆಸರು ಮೆತ್ತಿದ ಯಂಕಣ್ಣನ ಕೈಗೆ ಕೊಟ್ಟು ತನ್ನ ಸಾಲಿಗೆ ಹೋದಳು.

“ಸುಂದ್ರೀ, ಆಳಕ್ಕ ಹೋಗಾಕತ್ತದ, ಮ್ಯಾಲಕ್ ಹಚ್ಚ!”

“ಹೂಂ, ಹೂಂ,” ಎಂದಳು ಸುಂದ್ರಮ್ಮ. ಸಾಲು ಸರಿಯತೊಡಗಿತು. ಸೇತುವೆ ಏರುತ್ತಿದ್ದ ಬಸ್ಸಿನಲ್ಲಿ ಯಾರೋ ಸುಣ್ಣದ ಡಬ್ಬಿ ತೆಗೆದರು.

ಬಿಸಿಲು ಏರಿತು. ಫೋನು ಎತ್ತಿ ಹಿಡಿದಿದ್ದ ಯಂಕಣ್ಣ ಸುತ್ತ ನೋಡಿದ. “ಕೈ ಸೋತಾವ. ಯಾರರ ಒಬ್ರು ಬದ್ಲಿ ಹಿಡೀರಿ.”

“ಬದ್ಲಿ ಗಿದ್ಲಿ ಇಲ್ಲ,” ಎಂದಿತು ಫೋನು. “ನೀನs ಹಿಡಿ. ಮ್ಯಾಲಕ್ ಎತ್ತು.”